ಆಯಿ ಹೇಳಿದ ಬಣ್ಣ

ಆಗ ನಮ್ಮ ಸೈದಾಪುರದಲ್ಲಿ ಬೇಸಿಗೆ ಬಂದದ್ದು ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಮಾವಿನಕಾಯಿ ಹೆಚ್ಚಿದ ಹುಳಿ ವಾಸನೆ, ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ಮಣ್ಣಿನ ವಾಸನೆ, ಹಳಿಗಳ ಕಡೆಯಿಂದ ಗಾಳಿ ಹೊತ್ತು ತರುವ ಕಾದ ಕಬ್ಬಿಣದ ಘಾಟು. ನಾನು ಐದನೆಯ ತರಗತಿ ಮುಗಿಸಿದ ವರ್ಷ ಇವುಗಳ ಜೊತೆಗೆ ಬಣ್ಣಕ್ಕೆ ಬೆರೆಸುವ ಅಗಸಿ ಎಣ್ಣೆ ಮತ್ತು ಟರ್ಪೆಂಟೈನ್ ಬಂದು ಸೇರಿದವು. ನಿಮಗೂ ಇಂಥ ವಾಸನೆಯೊಂದು ಇದ್ದೇ ಇರುತ್ತದೆ. ಯಾರದೋ ಮನೆಯ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರೆ ಕಾಲು ತಾನಾಗಿ ನಿಲ್ಲುತ್ತದೆ. ನನಗೆ ಕಾಲೂ ನಿಲ್ಲುತ್ತದೆ, ತಲೆಯೂ ತಗ್ಗುತ್ತದೆ. ಅದಕ್ಕೆ ಕಾರಣ ನಾನೇ.

ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಆಚೆ, ಗಾಡಿಗಳು ಹೋಗದ ಒಂದು ಹಳಿಯ ಮೇಲೆ, ಬೇವಿನ ಗಿಡದ ಕೆಳಗೆ ಮುದಿ ರೈಲು ಡಬ್ಬಿಯೊಂದು ನಿಂತಿತ್ತು. ಬೋಗಿಗೆ ನಮ್ಮ ಕಡೆ ಡಬ್ಬಿ ಎಂದೇ ಹೇಳುವುದು. ಮೈಯೆಲ್ಲ ಕಟ್ಟಿಗೆ, ಕಿಟಕಿಗಳಿಗೆ ಗಾಜಿನ ಬದಲು ಕಟ್ಟಿಗೆಯ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಝಿಲಮಿಲಿ. ಯಾವುದೋ ಕಾಲದಲ್ಲಿ ಅದನ್ನು ಗುದ್ದಲಿ, ಸಲಿಕೆ ಇಡುವ ಗೋದಾಮು ಮಾಡಿ, ಮಳೆ ತಾಗದಿರಲೆಂದು ಹೊರಗೆಲ್ಲ ಡಾಂಬರು ಬಳಿದಿದ್ದರು. ಆಮೇಲೆ ಅದನ್ನೂ ಬಿಟ್ಟರು. ಒಳಗೆ ಆಡುಗಳು ಮಲಗುತ್ತಿದ್ದವು, ಆಡುಗಳು ಇಲ್ಲದಾಗ ನಾವು. ಚೌಕಾಬಾರದ ಮನೆಗಳನ್ನು ಅದರ ನೆಲದ ಮೇಲೆಯೇ ಕೊರೆದಿದ್ದೆವು.

ಆ ಬೇಸಿಗೆಯ ಒಂದು ಐತವಾರ, ಎಂದರೆ ಭಾನುವಾರ, ನಮ್ಮ ಆಡುಂಬೊಲದ ಮೇಲೆ ದಂಡು ಬಂತು. ಮುಂದಾಳು ಬಸಣ್ಣ ಕಾಕಾ, ವಾಡಿ ಜಂಕ್ಷನ್ನಿನಲ್ಲಿ ಜೀವಮಾನವೆಲ್ಲ ಡಬ್ಬಿ ರಿಪೇರಿ ಮಾಡಿ ನಿವೃತ್ತನಾದ ಫಿಟ್ಟರ್. ಮನೆಯಲ್ಲಿ ಕೂತು ಹೆಂಡತಿಯ ಅಡುಗೆಯನ್ನು ರಿಪೇರಿ ಮಾಡಲು ಹೋಗಿ ಬೈಸಿಕೊಂಡ ಮೇಲೆ ಈ ಡಬ್ಬಿಯ ಮೇಲೆ ಕಣ್ಣು ಹಾಕಿದ್ದ ಎಂದು ಊರು ಆಡಿಕೊಳ್ಳುತ್ತಿತ್ತು. ಡಬ್ಬಿಯನ್ನು ಮೊದಲಿದ್ದಂತೆ ಮಾಡಿ ನಿಲ್ಲಿಸಲು ರೈಲ್ವೆಯ ಮೇಲಿನವರ ಒಪ್ಪಿಗೆ ತಂದವನೂ ಅವನೇ, ಮಂದಿಯನ್ನು ಕೂಡಿಸಿದವನೂ ಅವನೇ. ಬಡಗಿ ಅಣ್ಣತಮ್ಮಂದಿರು, ನಮ್ಮ ಸಾಲೆಯ ಮಾಸ್ತರರು, ಗಾಡಿಗಳ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ ನಮ್ಮಪ್ಪ, ಹೀಗೆ ಹತ್ತು ಹದಿನೈದು ಜನ. ಬಣ್ಣದ ಕೆಲಸಕ್ಕೆ ಸುರಪುರದಿಂದ ಖಾಸಿಂ ಚಾಚಾ ಬರುತ್ತಿದ್ದರು. ಅಂಗಡಿಗಳ ಬೋರ್ಡು ಬರೆಯುವವರು. ಕುಂಚಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಬಸ್ಸಿನಿಂದ ಇಳಿಯುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಮಧ್ಯಾಹ್ನ ಬೇವಿನ ನೆರಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅದನ್ನು ಮಾತ್ರ ಊರ ಹೆಂಗಸರು ಮನೆಮನೆಯಿಂದ ಹೊತ್ತು ತರುತ್ತಿದ್ದರು.

ಮೊದಲು ಡಾಂಬರು ಕೆರೆಯುವ ಕೆಲಸ. ಅದು ಹಟದ ಡಾಂಬರು. ಕೆರೆದರೆ ಅಡಿಯ ಬಣ್ಣವನ್ನೂ ಕಟ್ಟಿಗೆಯ ಸಿಪ್ಪೆಯನ್ನೂ ಕಚ್ಚಿಕೊಂಡೇ ಏಳುತ್ತಿತ್ತು. ನಾಲ್ಕು ಐತವಾರ ಕೆರೆದ ಮೇಲೆ ಡಬ್ಬಿ ಬೋಳಾಗಿ ನಿಂತಿತು. ಮೊದಲು ಅದಕ್ಕೆ ಯಾವ ಬಣ್ಣವಿತ್ತು ಎಂಬುದರ ಗುರುತು ಒಂದು ಉಗುರಿನಷ್ಟೂ ಉಳಿದಿರಲಿಲ್ಲ. ಕೆರೆದವರ ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು.

ಅದೇ ದಿನಗಳಲ್ಲಿ ನಮ್ಮ ಆಯಿ ಮಜ್ಜಿಗೆಯ ಗಡಿಗೆ ಹೊತ್ತು ಅಲ್ಲಿಗೆ ಬಂದಳು. ಆಯಿ ಎಂದರೆ ಅಜ್ಜಿ, ಅಪ್ಪನ ತಾಯಿ. ಒಳಗೆ ಚಾವಣಿಯ ಜೇಡರ ಬಲೆ ತೆಗೆಯುತ್ತಿದ್ದರು. ತೊಲೆಯಲ್ಲಿ ಎರಡು ಕಬ್ಬಿಣದ ಕೊಂಡಿಗಳು ಕಂಡವು. ಆಯಿ ಬಾಗಿಲಲ್ಲಿ ನಿಂತು ಆ ಕೊಂಡಿಗಳನ್ನೇ ನೋಡಿದಳು. ಆಮೇಲೆ ಗಡಿಗೆ ಇಳಿಸಿ ನೆಲದ ಮೇಲೆ ಕೂತುಬಿಟ್ಟಳು.

"ಏನಾತ್ರಿ ಆಯಿ?" ಎಂದ ಬಸಣ್ಣ ಕಾಕಾ.

"ಏನಿಲ್ಲಪ್ಪಾ. ಇದು ನಮ್ಮ ಮನಿ. ಆ ಕೊಂಡಿಗಿ ನಿನ್ನ ದೋಸ್ತನ ತೊಟ್ಟಲಾ ಕಟ್ಟಿದ್ದೆ," ಎಂದು ನಮ್ಮಪ್ಪನ ಕಡೆ ಕೈ ಮಾಡಿದಳು.

ನಮ್ಮ ಮುತ್ಯಾ, ಎಂದರೆ ಆಯಿಯ ಗಂಡ, ಹಳಿ ಕಾಯುವ ಗ್ಯಾಂಗಿನ ಮಿಸ್ತ್ರಿಯಾಗಿದ್ದ. ಆಗ ಗ್ಯಾಂಗಿನವರಿಗೆ ಹಳೆಯ ಡಬ್ಬಿಗಳನ್ನೇ ಮನೆ ಮಾಡಿ ಕೊಡುತ್ತಿದ್ದರಂತೆ. ಕೆಲಸ ಎಲ್ಲಿಯೋ ಮನೆ ಅಲ್ಲಿ. ಎಂಜಿನ್ ಬಂದು ಕೊಂಡಿ ಹಾಕಿಕೊಂಡರೆ ಒಲೆ, ಗಡಿಗೆ, ಕೂಸು ಸಮೇತ ಸಂಸಾರವೇ ಹೊರಡುತ್ತಿತ್ತು. ಮದುವೆಯಾಗಿ ಬಂದ ಆಯಿ ಎರಡು ವರ್ಷ ಆ ಡಬ್ಬಿಯಲ್ಲಿ ಬಾಳಿದ್ದಳು. ಆ ಕಥೆ ಕೇಳಿದ ಮೇಲೆ ನಾನು ಬೇರೆ ಆಟ ಬಿಟ್ಟೆ.

"ಒಲಿ ಹಚ್ಚಿದಾಗ ನಾಲವಾರ, ರೊಟ್ಟಿ ಬಡದು ಮುಗಸೂದ್ರಾಗ ಯಾದಗಿರಿ," ಎನ್ನುತ್ತಿದ್ದಳು. "ಭೀಮಾ ಹೊಳಿ ದಾಟೂಮುಂದ ಬಾಗಲದಾಗ ಕುಂತು ಅಕ್ಕಿ ತೊಳದ ನೀರ ಹೊಳಿಗೇ ಚೆಲ್ಲತಿದ್ದೆ."

"ರಂಗೋಲಿ ಎಲ್ಲಿ ಹಾಕ್ತಿದ್ದಿ ಆಯಿ?"

"ಡಬ್ಬಿ ಮುಂದ, ನೆಲದ ಮ್ಯಾಲ. ಡಬ್ಬಿ ಹೊಂಟ ಹೋಗ್ತಿತ್ತು, ರಂಗೋಲಿ ಅಲ್ಲೇ ಉಳೀತಿತ್ತು. ಅದನ್ನ ನೋಡಿದವ್ರು, ಇಲ್ಲಿ ಯಾರ ಮನಿ ಇತ್ತಪಾ ಅಂತ ಹುಡಕ್ಯಾಡಿರಬೇಕು," ಎಂದು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು.

ಮಧ್ಯಾಹ್ನ ಎಲ್ಲರೂ ಉಂಡು ನೆರಳಲ್ಲಿ ಅಡ್ಡಾದಾಗ ನಾನು ಒಳಗೆ ಹೋಗಿ ಹಲಗೆಯ ಮೇಲೆ ಮಲಗುತ್ತಿದ್ದೆ. ಝಿಲಮಿಲಿಯಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಮೈಮೇಲೆ ಬೀಳುತ್ತಿತ್ತು. ಆಚೆಯ ಹಳಿಯಲ್ಲಿ ಕಲ್ಲಿದ್ದಲಿನ ಗೂಡ್ಸ್ ಹೋದರೆ ನಮ್ಮ ಡಬ್ಬಿಯೂ ಸಣ್ಣಗೆ ನಡುಗುತ್ತಿತ್ತು. ಬಿಸಿಲ ಪಟ್ಟಿಗಳು ನನ್ನ ಕೈಮೇಲೆ ಸರಿದಾಡುತ್ತಿದ್ದವು. ಅರೆನಿದ್ದೆಯಲ್ಲಿ ನಾವು ಹೊರಟೇ ಬಿಟ್ಟಿದ್ದೇವೆ ಎನಿಸುತ್ತಿತ್ತು. ಹೊಳೆ ದಾಟುತ್ತಿದೆ, ತೊಟ್ಟಿಲಲ್ಲಿ ಅಪ್ಪ ಅಳುತ್ತಿದ್ದಾನೆ, ಎಳೆಯ ಕೈಗಳ ಆಯಿ ರೊಟ್ಟಿ ಬಡಿಯುತ್ತಿದ್ದಾಳೆ, ಹಿಂದೆ ಬಯಲಿನಲ್ಲಿ ಒಂಟಿ ರಂಗೋಲಿ ಸಣ್ಣದಾಗುತ್ತಿದೆ. ಗೂಡ್ಸ್ ಹೋಗಿ ಮುಗಿದರೂ ನಾನು ಬಹಳ ಹೊತ್ತು ಕಣ್ಣು ತೆರೆಯುತ್ತಿರಲಿಲ್ಲ.

ಬಸಣ್ಣ ಕಾಕಾ ಆಯಿಗೆ ಒಂದು ಮಾತು ಕೊಟ್ಟ. ಬಾಗಿಲ ಒಳಗಿನ ಹಲಗೆಯ ಮೇಲೆ ಮುತ್ಯಾನ ಹೆಸರು ಬರೆಸುವುದೆಂದು. ಖಾಸಿಂ ಚಾಚಾ ಮೊದಲು ಸೀಮೆಸುಣ್ಣದಿಂದ ಗುರುತು ಹಾಕಿದರು: "ಗ್ಯಾಂಗ್ ಮಿಸ್ತ್ರಿ ಸಾಬಣ್ಣ ಇಲ್ಲಿ ಸಂಸಾರ ಮಾಡಿದ್ದರು." ಮುತ್ಯಾ ಸತ್ತು ಹತ್ತು ವರ್ಷವಾಗಿತ್ತು. ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಆಯಿಗೆ ಓದು ಬರುತ್ತಿರಲಿಲ್ಲ. ಬಂದಾಗಲೆಲ್ಲ "ರೇಣಿ, ಏನ್ ಬರದಾರ ಓದು," ಎನ್ನುತ್ತಿದ್ದಳು. ನಾನು ಓದುತ್ತಿದ್ದೆ. ಸೀಮೆಸುಣ್ಣ ಅಳಿಸೀತೆಂದು ಮುಟ್ಟದೆ, ಬೆರಳನ್ನು ಅಕ್ಷರಗಳ ಹತ್ತಿರ ಹಿಡಿದು ಸಾಲಿನುದ್ದಕ್ಕೂ ಒಯ್ಯುತ್ತಿದ್ದಳು. ಆ ಬೇಸಿಗೆ ಆಕೆಗೆ ಬೇಕಾಗಿದ್ದದ್ದು ಅದೊಂದೇ.

ಕಾಗದಪತ್ರ ಯಾವುದೂ ಇರಲಿಲ್ಲವಾದ್ದರಿಂದ ಡಬ್ಬಿಯ ವಿಷಯದಲ್ಲಿ ಆಯಿಯ ಮಾತೇ ಕಾಯದೆಯಾಯಿತು. ಒಲೆ ಎಲ್ಲಿತ್ತು, ಗೂಡು ಎಲ್ಲಿತ್ತು, ಎಲ್ಲವನ್ನೂ ಆಕೆ ಹೇಳಿದಂತೆ ಮಾಡಿದರು. ಹೊರಗಿನ ಬಣ್ಣ ಹಚ್ಚುವ ಐತವಾರ ಬಂದಾಗ ಆಯಿ ಮಂಡಿ ನೋವೆಂದು ಮನೆಯಲ್ಲಿದ್ದಳು. ಬಸಣ್ಣ ಕಾಕಾ ನನ್ನನ್ನು ಕರೆದ.

"ರೇಣಿ, ಓಡಿ ಹೋಗಿ ನಿಮ್ಮ ಆಯಿನ ಕೇಳ್ಕೊಂಡ ಬಾ. ಹೊರಗ ಯಾವ ಬಣ್ಣಾ ಇತ್ತು ಅಂತ."

ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು. "ಬಾಡಿದ ಕುಸುಬಿ ಬಣ್ಣ ಇತ್ತಂತ ಹೇಳು. ಬಾಡಿದ್ದು, ತಿಳೀತಿಲ್ಲೊ?"

ತಿಳಿಯದೆ ಏನು? ಕುಸುಬೆಯನ್ನು ನಮ್ಮ ಕಡೆ ಜೋಳದ ಹೊಲದ ಅಂಚಿಗೆ ಹಾಕುತ್ತಿದ್ದರು. ಮುಳ್ಳಿನ ಗಿಡ, ದನ ನುಗ್ಗುವುದಿಲ್ಲ. ಹೂವು ಅರಳಿದಾಗ ಅಚ್ಚ ಹಳದಿ. ಬಾಡುತ್ತ ಬಾಡುತ್ತ ಕೇಸರಿಯಾಗಿ ಕೊನೆಗೆ ಇಟ್ಟಂಗಿಯ ಕೆಂಪಿಗೆ ತಿರುಗುತ್ತದೆ. ಒಂದೇ ಹೂವಿನಲ್ಲಿ ಎರಡು ಬಣ್ಣ. ಯಾವುದೆಂದು ತಿಳಿಯಲು ಬಾಡಿದ ಎಂಬ ಆ ಒಂದು ಮಾತು ಬೇಕೇ ಬೇಕು.

ಮರೆಯಬಾರದೆಂದು "ಬಾಡಿದ ಕುಸುಬಿ, ಬಾಡಿದ ಕುಸುಬಿ" ಎಂದು ಬಾಯಿಪಾಠ ಮಾಡುತ್ತ, ಕಾದ ನೆಲದಲ್ಲಿ ನೆರಳಿನಿಂದ ನೆರಳಿಗೆ ಜಿಗಿಯುತ್ತ ಬಂದೆ. ಅರ್ಧ ದಾರಿಯಲ್ಲಿ ನನಗೆ ಆ ಮಾತು ಸೇರದೆ ಹೋಯಿತು. ಬಾಡಿದ ಹೂವನ್ನು ನಮ್ಮವ್ವ ದೇವರಿಗೂ ಏರಿಸುತ್ತಿರಲಿಲ್ಲ, ನಮ್ಮ ಜಡೆಗೂ ಮುಡಿಸುತ್ತಿರಲಿಲ್ಲ. ಇಷ್ಟು ಮಂದಿ ಇಷ್ಟು ದುಡಿದು ಹೊಸತು ಮಾಡಿದ ಡಬ್ಬಿಗೆ ಬಾಡಿದ ಬಣ್ಣವೇ? ಇದು ನನ್ನ ಸಬೂಬು. ನಿಜ ಹೇಳಬೇಕೆಂದರೆ ನನಗೆ ಹಳದಿ ಡಬ್ಬಿ ಬೇಕಾಗಿತ್ತು. ನಾನು ಕಂಡ ರೈಲುಗಳೆಲ್ಲ ಕೆಂಪು ಇಲ್ಲವೆ ನೀಲಿ. ಅರೆನಿದ್ದೆಯಲ್ಲಿ ಹೊಳೆ ದಾಟುತ್ತಿದ್ದ ನನ್ನ ಡಬ್ಬಿ ಮಾತ್ರ ಯಾವಾಗಲೂ ಹಳದಿಯಾಗಿರುತ್ತಿತ್ತು.

"ಕುಸುಬಿ ಹೂವಿನ ಬಣ್ಣ ಅಂತ್ರಿ," ಎಂದೆ. "ಈಗಷ್ಟ ಅರಳಿದ್ದು."

ಖಾಸಿಂ ಚಾಚಾ ಹುಬ್ಬು ಏರಿಸಿದರು. "ಪೀಲಾ? ರೈಲ್ವೆದಾಗ ಇಂಥಾ ಪೀಲಾ ನಾ ನೋಡಿಲ್ಲ ಬೇಟಿ. ಖರೇ ಏನು?"

"ಖರೇ ಚಾಚಾ."

"ಕೆಂಪಿದ್ದೀತು ಅಂತ ನಾನೂ ಅನ್ಕೊಂಡಿದ್ದೆ," ಎಂದ ಬಸಣ್ಣ ಕಾಕಾ. "ಆದ್ರ ಆಯಿ ಅದರಾಗ ಬಾಳೇ ಮಾಡ್ಯಾಳ. ಆಕಿಗಿಂತ ನಮಗ ಹೆಚ್ಚ ಗೊತ್ತೇನು? ಕಲಸ್ರಿ ಚಾಚಾ."

ಎರಡು ಐತವಾರ ಹಳದಿ ಬಣ್ಣದ ಎರಡು ಕೈ ಬಿದ್ದವು. ಕಿಟಕಿಯ ಕೆಳಗಿನ ಒಂದು ಹಲಗೆ ಪೂರ್ತಿ ನನ್ನ ಪಾಲಿಗೆ ಬಂತು; ಖಾಸಿಂ ಚಾಚಾ ನನ್ನ ಮುಂಗೈ ಹಿಡಿದು, ಕುಂಚವನ್ನು ಒತ್ತದೆ ಎಳೆಯುವುದನ್ನು ಕಲಿಸಿದರು. ಬಿಸಿಲು ಬಿದ್ದಾಗ ಡಬ್ಬಿ ಹೊಳೆಯುತ್ತಿತ್ತು. ಹೋಗುವ ಪ್ಯಾಸೆಂಜರಿನವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದರು. ನಾನು ಅಷ್ಟು ಸುಖವಾಗಿ ಮತ್ತೆ ಯಾವ ಬೇಸಿಗೆಯಲ್ಲೂ ಇರಲಿಲ್ಲ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ಐತವಾರ ಅಪ್ಪ ಆಯಿಯನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದ. ಆಯಿ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಇಳಿದವಳು ಡಬ್ಬಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

"ಇದ್ಯಾರ ಡಬ್ಬಿ?" ಎಂದಳು.

ಎಲ್ಲರೂ ನಕ್ಕರು, ಚೇಷ್ಟೆ ಮಾಡುತ್ತಿದ್ದಾಳೆಂದು. ಆಯಿ ನಗಲಿಲ್ಲ. "ಇದಲ್ಲಪ್ಪಾ ಬಸಣ್ಣ. ನಾ ಹೇಳಿದ್ದು ಈ ಬಣ್ಣ ಅಲ್ಲ."

"ಕುಸುಬಿ ಅಂದ್ರಂತಲ್ರಿ ಆಯಿ?"

"ಕುಸುಬಿ ಅಂದೀನಿ. ಖರೇ. ಆದ್ರ..." ಎಂದವಳು ನಿಲ್ಲಿಸಿ ನನ್ನ ಕಡೆ ತಿರುಗಿದಳು. ನಾನು ನನ್ನ ಉಗುರಿಗೆ ಅಂಟಿದ ಹಳದಿಯನ್ನು ಕೆರೆದುಕೊಳ್ಳುತ್ತಿದ್ದೆ. ಆಕೆ ನೋಡುತ್ತಿದ್ದಾಳೆಂದು ನೋಡದೆಯೇ ಗೊತ್ತಾಯಿತು. ಆಗ ಬಾಯಿ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬಿಡಲಿಲ್ಲ.

"ವಯಸ್ಸಾತು ನೋಡಪ್ಪಾ," ಎಂದಳು ಆಯಿ. "ಮರವು. ನಾನೇ ಏನೋ ಹೇಳೀನಿ."

ಮಾಸ್ತರರು ಕೆಟ್ಟವರಲ್ಲ. ಲೆಕ್ಕದ ಮೇಷ್ಟ್ರು, ಎರಡು ಸಲ ತಾಳೆ ನೋಡದೆ ಯಾವುದನ್ನೂ ನಂಬುವವರಲ್ಲ. ಬಸಣ್ಣ ಕಾಕಾನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ಆದರೆ ಡಬ್ಬಿಯೊಳಗೆ ಸರಿದುಕೊಂಡಿದ್ದ ನನಗೆ ಕೇಳಿಸುವಷ್ಟು ಮೆಲ್ಲಗೆ. "ಬಣ್ಣಾನೇ ನೆನಪಿಲ್ಲಂದ್ರ ಡಬ್ಬಿ ಇದೇ ಅಂತ ಹ್ಯಾಂಗ ನಂಬೂದ್ರಿ? ಅಂಥಾ ಕೊಂಡಿ ಎಷ್ಟ್ ಡಬ್ಬಿದಾಗ ಇರ್ತಾವು. ಖಾತ್ರಿ ಇಲ್ಲದ್ದನ್ನ ಹಲಗಿ ಮ್ಯಾಲ ಬರಿಯೂದು ಬ್ಯಾಡ್ರಿ."

"ಮಾತ ಕೊಟ್ಟೀನ್ರಿ ಮಾಸ್ತರ," ಎಂದ ಕಾಕಾ.

"ಆಕಿನೇ ಮರವು ಅಂತಾಳಲ್ರಿ."

ಕಾಕಾ ಖಾಸಿಂ ಚಾಚಾರ ಹತ್ತಿರ ಹೋದ. ಸ್ವಲ್ಪ ಹೊತ್ತಿನ ಮೇಲೆ ಖಾಸಿಂ ಚಾಚಾ ಒದ್ದೆ ಬಟ್ಟೆ ತೆಗೆದುಕೊಂಡು ಒಳಗೆ ಬಂದರು. ಉರ್ದು ಬರೆದು ಪಳಗಿದ ಕೈ. ಬಲದಿಂದ ಎಡಕ್ಕೆ ಒರೆಸುತ್ತ ಬಂದರು. ಮೊದಲು "ಮಾಡಿದ್ದರು" ಹೋಯಿತು, ಆಮೇಲೆ "ಸಂಸಾರ", ಆಮೇಲೆ "ಸಾಬಣ್ಣ". ಬೇವಿನ ಕೆಳಗೆ ಎಲ್ಲರಿಗೂ ಮಜ್ಜಿಗೆ ಹಾಕುತ್ತಿದ್ದ ಆಯಿಗೆ ತೆರೆದ ಬಾಗಿಲಿನಿಂದ ಅದು ಕಾಣುತ್ತಿತ್ತು. ಆಕೆ ಒಂದು ಲೋಟವನ್ನೂ ತುಳುಕಿಸಲಿಲ್ಲ.

ಮರುದಿನ ಮಧ್ಯಾಹ್ನ ಆಯಿ ನನ್ನ ತಲೆ ಬಾಚುತ್ತಿದ್ದಾಗ ಬಾಯಿ ಬಿಟ್ಟೆ. "ಆಯಿ, ನಾ ಅವತ್ತು..."

"ಗೊತ್ತದ."

"ಬಸಣ್ಣ ಕಾಕಾಗ ಹೇಳಿ ಬರ್ಲೇನು?"

"ಹೇಳಿ ಏನ್ ಮಾಡ್ತಿ? ಹಚ್ಚಿದ್ದೆಲ್ಲಾ ಮತ್ತ ಕೆರೀಬೇಕಾಗ್ತದ. ಅವ್ರ ಅಂಗೈ ನೋಡೀಯೇನು, ಹ್ಯಾಂಗ ಬೊಬ್ಬಿ ಎದ್ದಾವ? ಮ್ಯಾಲ ಸಾಲ್ಯಾಗ ನಿನಗ ಸುಳ್ಳಿ ಅಂತ ಹೆಸರ ಬೀಳ್ತದ. ಮುದುಕಿ ಮರೀತಾಳ ಅಂದ್ರ ಯಾರೂ ಬೈಯಂಗಿಲ್ಲ, ನೀ ಸುಮ್ಮನಿರು."

"ಮುತ್ಯಾನ ಹೆಸರ?"

"ಆತ ಬಂದು ಓದ್ತಾನೇನು? ಬದಕಿದ್ದಾಗರೆ ಎಲ್ಲಿ ಬರ್ತಿತ್ತು ಓದಾಕ," ಎಂದು ನಕ್ಕಳು. ನಕ್ಕ ಮೇಲೆ ಆಕೆಯ ಕೈ ನನ್ನ ಕೂದಲಲ್ಲಿ ಹಾಗೇ ನಿಂತಿತು. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಜಡೆ ಕಟ್ಟಿ ಬಿಟ್ಟ ಕೂಡಲೆ, ಹೇಳುವುದು ತಪ್ಪಿತಲ್ಲ ಎಂಬ ಖುಷಿಯಲ್ಲಿ ಓಣಿಗೆ ಓಡಿ ಕುಂಟಾಟ ಆಡಿದೆ. ಮಕ್ಕಳು ದೇವರ ಸಮಾನ ಎನ್ನುವವರು ನನ್ನನ್ನು ಅವತ್ತು ನೋಡಬೇಕಿತ್ತು.

ಮರವು ಎಂಬ ಆ ಒಂದು ಮಾತು ಡಬ್ಬಿಗೆ ಮಾತ್ರ ನಿಲ್ಲಲಿಲ್ಲ. ಮನೆಯಲ್ಲೂ ಆಯಿ ಏನಾದರೂ ಹೇಳಿದರೆ "ಹೌದೇನೋ, ಇನ್ನೊಬ್ಬರನ್ನ ಕೇಳೂಣು," ಎನ್ನತೊಡಗಿದರು. ಯಾರ ಮದುವೆ ಯಾವ ವರ್ಷ, ಯಾವ ಹೊಲದ ಬದು ಎಲ್ಲಿಗೆ, ಉಪ್ಪಿನಕಾಯಿಗೆ ಎಷ್ಟು ಉಪ್ಪು, ಮೊದಲು ಎಲ್ಲದಕ್ಕೂ ಆಕೆಯ ಹತ್ತಿರ ಬರುತ್ತಿದ್ದವರು ಬರುವುದನ್ನು ಬಿಟ್ಟರು. ಡಬ್ಬಿ ನೋಡಲು ದೊಡ್ಡ ಸಾಹೇಬರು ಬಂದು ಹಾರ ಹಾಕಿಸಿಕೊಂಡ ದಿನ ಆಯಿ ಬರಲಿಲ್ಲ. ನಡೆದಾಡುವ ಮನೆಯ ಕಥೆಯನ್ನು ಮತ್ತೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಎರಡು ವರ್ಷಕ್ಕೆ ತೀರಿಕೊಂಡಳು. ಆಕೆಗೆ ಕೊನೆಯವರೆಗೆ ಎಲ್ಲವೂ ನೆನಪಿತ್ತು. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಈಗ ನಾನು ಶಹಾಪುರದಲ್ಲಿ ಮಾಸ್ತರಿಕೆ ಮಾಡುತ್ತೇನೆ. ಡಬ್ಬಿಯನ್ನು ಸರಿಸಿ ಸ್ಟೇಷನ್ನಿನ ಮುಂದೆ ತಗಡಿನ ಮಾಡಿನ ಕೆಳಗೆ ನಿಲ್ಲಿಸಿದ್ದಾರೆ. ಊರವರಿಗೆ ಅದು ಹಳದಿ ಡಬ್ಬಿ. ಮದುವೆಗೆ ಮುಂಚೆ ಜೋಡಿಗಳು ಅದರ ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬಸಣ್ಣ ಕಾಕಾ ಇಲ್ಲ, ಖಾಸಿಂ ಚಾಚಾ ಇಲ್ಲ. ಕಳೆದ ಚಳಿಗಾಲದಲ್ಲಿ ಯಾದಗಿರಿಯ ಕೆಲವು ಹುಡುಗ ಹುಡುಗಿಯರು ಸೇರಿ ಅದಕ್ಕೆ ಮತ್ತೆ ಬಣ್ಣ ಹಚ್ಚುತ್ತಾರೆಂದು ಕೇಳಿ, ರಜೆಯ ದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಾಲುವೆ ನೀರಿನ ಭತ್ತ, ಅದು ಬಿಟ್ಟರೆ ಹತ್ತಿ. ಕುಸುಬೆಯ ಒಂದು ಸಾಲೂ ಕಾಣಲಿಲ್ಲ.

ಅವರಲ್ಲಿ ಮುಂದೆ ನಿಂತು ಕೆಲಸ ಮಾಡಿಸುತ್ತಿದ್ದ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಬಾಡಿದ ಎಂಬ ಮಾತನ್ನು ನುಂಗಿದ್ದು ನಾನು, ಆಯಿ ಹೇಳಿದ್ದು ಸರಿಯಾಗಿತ್ತು, ಹಲಗೆಯ ಮೇಲೆ ಒಂದು ಹೆಸರಿತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದು ಹೊರಗೆ ಬರಲು ಐದು ನಿಮಿಷವೂ ಹಿಡಿಯಲಿಲ್ಲ. ಆಕೆ ತಾಳ್ಮೆಯಿಂದ ಕೇಳಿದಳು.

"ಕುಸುಬಿ ಎಣ್ಣಿ ನೋಡೀನ್ರಿ ಮೇಡಂ, ಹೂವು ನೋಡಿಲ್ರಿ," ಎಂದು ಫೋನಿನಲ್ಲಿ ಹುಡುಕಿದಳು. ಒಂದರ ಮೇಲೊಂದು ಚಿತ್ರ ತೋರಿಸಿದಳು. ಎಲ್ಲವೂ ಆಗಷ್ಟೇ ಅರಳಿದ ಹೂಗಳು. ಆಯಿ ಹೇಳಿದ ಬಣ್ಣ ಅದರಲ್ಲಿ ಒಂದೂ ಇರಲಿಲ್ಲ. ಬಣ್ಣದ ಕಂಪನಿಯ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಲು ಹೋದರೆ ನನಗೇ ಖಾತ್ರಿಯಾಗಲಿಲ್ಲ.

"ಮಂದಿಗಿ ಹಳದಿನೇ ಗುರ್ತಾಗ್ಯಾದ್ರಿ. ಬದಲ ಮಾಡಿದ್ರ ಬೈತಾರ," ಎಂದಳು ಹುಡುಗಿ, ನೋಯಿಸಬಾರದೆಂದು ಮೆತ್ತಗೆ. ಆಮೇಲೆ ವಹಿ ತೆಗೆದಳು. "ಅವ್ರು ಇದರಾಗ ಇದ್ದರು ಅಂತ ದಾಖಲಿ ಏನರೆ ಅದಾವೇನ್ರಿ?"

"ನಮ್ಮ ಆಯಿ ಇದ್ಲವ್ವ," ಎಂದೆ. "ಆಕಿ ಒಬ್ಬಾಕಿನೇ ದಾಖಲಿ."

"ಆಯಿ ಹೆಸರೇನ್ರಿ?"

ನಾನು ತಡವರಿಸಿದೆ. ಅಪ್ಪನಿಗೆ ಆಕೆ ಯವ್ವ, ಊರಿಗೆ ಮಿಸ್ತ್ರಿಯ ಹೆಂಡತಿ, ಉಳಿದವರಿಗೆಲ್ಲ ಆಯಿ. ಅಂದು ಹಲಗೆಯ ಮೇಲೆ ಬರೆಯಲು ಹೊರಟಾಗ ಕೂಡ ಮುತ್ಯಾನ ಹೆಸರಷ್ಟೇ ಬರೆದಿದ್ದೆವು. ಒಲೆ ಹಚ್ಚಿ, ತೊಟ್ಟಿಲು ತೂಗಿ, ಆ ಮನೆಯನ್ನು ಊರಿಂದೂರಿಗೆ ಬಾಳಿಸಿದವಳ ಹೆಸರೂ ಅಲ್ಲಿರಬೇಕೆಂದು ಬಸಣ್ಣ ಕಾಕಾನಿಗೂ ಹೊಳೆದಿರಲಿಲ್ಲ, ಮಾಸ್ತರರಿಗೂ ಹೊಳೆದಿರಲಿಲ್ಲ, ಆಕೆಗೂ ಹೊಳೆದಿರಲಿಲ್ಲ.

"ದೇವಕೆಮ್ಮ," ಎಂದೆ. ನನ್ನ ಬಾಯಿಂದ ಆ ಹೆಸರು ಬಂದದ್ದು ಅದೇ ಮೊದಲು.

ಹುಡುಗಿ ಬರೆದುಕೊಂಡು, "ಸರಿ ಅದ ಏನ್ ನೋಡ್ರಿ," ಎಂದು ವಹಿಯನ್ನು ನನ್ನ ಕಡೆ ತಿರುಗಿಸಿದಳು. ಸರಿಯಾಗಿಯೇ ಬರೆದಿದ್ದಳು. ಅಷ್ಟು ಮಂದಿಯ ನಡುವೆ ನಿಂತು ನಾನು ಅತ್ತೆ.